ಎರಡು ದಿಕ್ಕಿಗೆ ತಿರುಗುವ ಮೋಟರು

ಗೃಹಕೃತ್ಯದ ಯಂತ್ರಗಳಲ್ಲಿ ಬಟ್ಟೆ ಒಗೆಯುವ ಯಂತ್ರದಷ್ಟು ಅಸಮವಾಗಿ ಮುಪ್ಪಾಗುವ ವಸ್ತು ಮತ್ತೊಂದಿಲ್ಲವೆಂದು ನನ್ನ ಎಣಿಕೆ. ಕೊಳವೆಬಾವಿಯ ಗಡಸು ನೀರು ತಗಡನ್ನು ತುಕ್ಕಿಗೆ ಒಪ್ಪಿಸಿ, ಇಲಿಗಳು ತಂತಿಗಳನ್ನು ಕಡಿದು, ಟೈಮರು ಕೆಟ್ಟು, ಮೇಲಿನ ಪೆಟ್ಟಿಗೆ ಶಿಥಿಲವಾದ ಮೇಲೆಯೂ ತಳದಲ್ಲಿ ಅವಿತಿರುವ ಮೋಟರು ಬಹುಮಟ್ಟಿಗೆ ಅಕ್ಷತವಾಗಿ ಉಳಿದಿರುತ್ತದೆ. "ಪೆಟಗಿ ಸತ್ತೈತ್ರಿ, ಮೋಟರಕ್ಕ ಏನೂ ಆಗಿಲ್ರಿ" ಎಂದು ಬಸವನ ಬಾಗೇವಾಡಿಯ ರಿವೈಂಡಿಂಗ್ ಮಿಸ್ತ್ರಿಯೊಬ್ಬರು, ತೋಟದ ಪಂಪಿನ ಮೋಟರಿಗೆ ತಾಮ್ರದ ತಂತಿ ಸುತ್ತುತ್ತ, ತಲೆಯೆತ್ತದೆ ನುಡಿದ ತೀರ್ಪು ನನ್ನನ್ನು ಗುಜರಿ ಅಂಗಡಿಗಳ ಖಾಯಂ ಗಿರಾಕಿಯನ್ನಾಗಿ ಮಾಡಿತು.

ನಲ್ಲಿಯ ನೀರು ದಿನವೂ ಬಂದೀತೆಂಬ ಭರವಸೆಯಿಲ್ಲದ ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಮನೆಗಳಿಗೆ, ಕೊಡದಿಂದ ಸುರಿದರೂ ನಡೆಯುವ ಸೆಮಿ ಆಟೊಮ್ಯಾಟಿಕ್ ಯಂತ್ರವೇ ಒಗ್ಗುವುದು. ಅದರಲ್ಲಿ ಎರಡು ತೊಟ್ಟಿ, ಎರಡು ಮೋಟರು. ಹಿಂಡುವ ಮೋಟರು ಏಕನಿಷ್ಠೆಯದು. ಒಗೆಯುವ ಮೋಟರಾದರೋ, ಸಮಾನವಾದ ಎರಡು ಸುರುಳಿಗಳನ್ನು ಹೊಂದಿದ್ದು, ಕೆಪಾಸಿಟರು ಯಾವ ಸುರುಳಿಯ ಪ್ರವಾಹವನ್ನು ಮುಂದಾಗಿಸುವುದೋ ಅದಕ್ಕನುಸಾರವಾಗಿ ಬಲಕ್ಕೂ ಎಡಕ್ಕೂ ತಿರುಗುತ್ತದೆ. ತಿರುಗುವ ಕಾಂತಕ್ಷೇತ್ರದ ಈ ತತ್ತ್ವವನ್ನು 1888ರಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸನು ಪ್ರಕಟಿಸಿದನು. ಅದೇ ವರ್ಷ ನಿಕೋಲಾ ಟೆಸ್ಲಾ ಅಮೆರಿಕದಲ್ಲಿ ಪೇಟೆಂಟು ಪಡೆದನು. ಆ ಉಭಯರ ಪಾಂಡಿತ್ಯವು ಕಡೆಗೆ ನಮ್ಮ ಧೋತರ, ಇಳಕಲ್ಲ ಸೀರೆಗಳ ಕೊಳೆ ಬಿಡಿಸಲು ಸಂದದ್ದು ಯಾರಿಗೂ ಅಪಮಾನವಲ್ಲ.

ಸಾಣೆಕಲ್ಲು ತಿರುಗಿಸಲೆಂದು ಗುಜರಿಯಿಂದ ಬಿಚ್ಚಿ ತಂದ ಒಗೆಯುವ ಮೋಟರಿನಿಂದ ಮೂರು ತಂತಿಗಳು ಹೊರಬಂದಿರುತ್ತವೆ. ಮೀಟರು ಹಿಡಿದು ನೋಡಲಾಗಿ, ಯಾವ ಎರಡರ ನಡುವೆ ರೋಧ ಅತ್ಯಧಿಕವೋ ಅವೇ ಸುರುಳಿಗಳ ತುದಿಗಳು, ಕೆಪಾಸಿಟರಿನ ಸ್ಥಾನವೂ ಅಲ್ಲಿಯೇ; ಉಳಿದದ್ದು ಉಭಯಸಾಮಾನ್ಯ. ವಿದ್ಯುತ್ತಿನ ಒಂದು ತಂತಿಯನ್ನು ಸಾಮಾನ್ಯಕ್ಕೂ ಮತ್ತೊಂದನ್ನು ಬೇಕಾದ ತುದಿಗೂ ಕೊಟ್ಟು, ಕವಚಕ್ಕೆ ತಪ್ಪದೆ ಅರ್ಥಿಂಗ್ ಮಾಡಿದರೆ ದಿಕ್ಕು ಸ್ಥಿರವಾಯಿತು. ಬಳಿಕ ವೇಗದ ವಿಚಾರ. ನಾಲ್ಕು ಧ್ರುವಗಳ ಮೋಟರಿನಲ್ಲಿ ಕಾಂತಕ್ಷೇತ್ರವು ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಅದನ್ನು ಹಿಂಬಾಲಿಸುವ ರೋಟರು ಸ್ವಲ್ಪ ಹಿಂದುಳಿದು 1400ರ ಆಸುಪಾಸಿನಲ್ಲಿರುತ್ತದೆ. ಎರಡಂಗುಲದ ಪುಲ್ಲಿಯಿಂದ ನಾಲ್ಕಂಗುಲದ್ದಕ್ಕೆ ಬೆಲ್ಟು ಹಾಕಿದಾಗ ಸಾಣೆಕಲ್ಲಿಗೆ 700 ದೊರೆಯುವುದು. ಇಂಡಿಯಲ್ಲಿ ಲಿಂಬೆ ತೋಟವಿರುವ ನಮ್ಮ ಬೀಗರಿಗೆ ಇಂಥದೊಂದನ್ನು ಕೂಡಿಸಿಕೊಟ್ಟೆ. ಒಣಗೊಂಬೆ ಸವರುವ ಕುಡುಗೋಲು ಆ ಮಂದಗತಿಯಲ್ಲಿ ನೀಲಿಗಟ್ಟದೆ, ಹದ ಕೆಡದೆ ಮಸೆಯಲ್ಪಡುವುದನ್ನು ಕಂಡು ಅವರು ಸಂತುಷ್ಟರಾದರು.

ಮುಂಬಾಗಿಲಿನ ದುಬಾರಿ ಯಂತ್ರಗಳಲ್ಲಿ ಅನೇಕಕ್ಕೆ ಇರುವ ಬ್ರಷ್ ಮೋಟರಿನ ಮೇಲೆ ಹುಡುಗರಿಗೆ ಬಹಳ ವ್ಯಾಮೋಹ. ಗಾತ್ರ ಕಿರಿದು, ಬಲ ಹಿರಿದು, ನಿಜ. ಆದರೆ ಭಾರವಿಲ್ಲದೆ ನೇರವಾಗಿ ವಿದ್ಯುತ್ತು ಕೊಟ್ಟೊಡನೆ ಕಣ್ಣಿ ಹರಿದ ಹೋರಿಯಂತೆ ಮಿತಿಯರಿಯದೆ ವೇಗವೇರುವ ಆ ಜಾತಿಯನ್ನು, ವೇಗವಳೆಯುವ ಟ್ಯಾಕೊ ಮತ್ತು ಅದರ ಮಾತು ಕೇಳುವ ನಿಯಂತ್ರಕಗಳಿಲ್ಲದೆ ಸಾಣೆಕಲ್ಲಿಗೆ ಕಟ್ಟುವುದನ್ನು ನಾನು ಸರ್ವಥಾ ಒಪ್ಪಲಾರೆ. ಕಲ್ಲಿನ ಮೇಲೆ ಅಚ್ಚಾದ ವೇಗಮಿತಿ ಮೀರಿದರೆ ಅದು ಸಿಡಿದು ಚೂರಾಗುವುದು.

ಒಗೆಯುವ ಮೋಟರಿಗೂ ಒಂದು ದೌರ್ಬಲ್ಯವುಂಟು. ಕೆಲ ಕ್ಷಣ ತಿರುಗಿ, ನಿಂತು, ಮತ್ತೆ ತಿರುಗುವ ದುಡಿಮೆಗೆಂದೇ ಹುಟ್ಟಿದ ಅದು ಅಖಂಡವಾಗಿ ನಡೆದರೆ ಕಾಯುತ್ತದೆ. ಸಾಣೆಯ ಧೂಳು ತೆರೆದ ಮೈಯೊಳಕ್ಕೆ ಸೇರಿದರೆ ಮತ್ತಷ್ಟು. ತಗಡಿನ ಮರೆಯನ್ನೇನೋ ಕಟ್ಟಿಕೊಟ್ಟಿದ್ದೇನೆ. ಆದರೆ ಜೋಳದ ಸುಗ್ಗಿಯಲ್ಲಿ ಓಣಿಯವರ ಕುಡುಗೋಲುಗಳೆಲ್ಲ ಬೀಗರ ಅಂಗಳಕ್ಕೆ ಬರತೊಡಗಿರುವುದರಿಂದ, ಬಿಡುವು ಕೊಡಿರೆಂಬ ನನ್ನ ಮಾತು ನಡೆಯದೆ, ಪಾಳಿಯ ಮೇಲೆ ದುಡಿಸಲು ಇನ್ನೊಂದು ಮೋಟರು ಬೇಕೆಂದು ಅವರು ಹೇಳಿಕಳುಹಿಸಿದ್ದಾರೆ.