ಹೆಗಲ ಮೇಲಿನ ಹಿತ್ತಾಳೆ

ಬ್ಯಾಂಡ್ ಬಾಜಾ ಎಂದರೆ ನಮಗೆಲ್ಲ ನೆನಪಾಗುವುದು ಕ್ಲಾರಿನೆಟ್, ಟ್ರಂಪೆಟ್ ಮತ್ತು ಡೋಲು. ಹಾಡು ಗುರುತಾಗುವುದು ಅವುಗಳಿಂದಲೇ. ಆದರೆ ಮೆರವಣಿಗೆಯ ಹಿಂದಿನ ಸಾಲಿನಲ್ಲಿ, ಹೆಬ್ಬಾವಿನಂತೆ ಮೈಗೆ ಸುತ್ತಿಕೊಂಡು ತಲೆಯ ಮೇಲೆ ಪರಾತದಷ್ಟು ಅಗಲದ ಬಾಯಿ ತೆರೆದ ವಾದ್ಯವೊಂದನ್ನು ಹೊತ್ತು ನಡೆಯುವ ಒಬ್ಬ ಮನುಷ್ಯನಿರುತ್ತಾನೆ. ಮಕ್ಕಳು ಅವನನ್ನೇ ನೋಡುತ್ತಾರೆ. ದೊಡ್ಡವರು ನೋಡುವುದಿಲ್ಲ.

ದೂರದ ಸಂಬಂಧದಲ್ಲಿ ನನಗೆ ಮಾಮೂ ಆಗುವ, ಯಾದಗಿರಿ ಜಿಲ್ಲೆಯ ಕೊಂಕಲ್‌ನವರೊಬ್ಬರು ಮದುವೆ ಬ್ಯಾಂಡುಗಳಲ್ಲಿ ಸುಮಾರು ಮೂವತ್ತು ವರ್ಷ ಇದನ್ನು ಹೊತ್ತವರು. ಅವರ ಬಾಯಲ್ಲಿ ಅದು ‘ದೊಡ್ಡ ಬಾಜಾ’. ಪುಸ್ತಕದ ಹೆಸರು ಸೂಸಾಫೋನ್. ಟ್ಯೂಬಾ ಎಂಬ ವಾದ್ಯದ ತಮ್ಮ. ಟ್ಯೂಬಾಕ್ಕೆ 1835ರಲ್ಲಿ ಬರ್ಲಿನ್‌ನಲ್ಲಿ ಪೇಟೆಂಟ್ ಸಿಕ್ಕಿತು. ಪ್ರಷ್ಯಾದ ಸೇನಾ ಬ್ಯಾಂಡುಗಳಿಗೆ ಗಟ್ಟಿಯಾದ ಕೆಳಸ್ವರ ಬೇಕಾಗಿತ್ತು. ಅಮೆರಿಕದ ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾ ಬಯಸಿದ್ದರಿಂದ 1890ರ ದಶಕದಲ್ಲಿ ಈ ತಮ್ಮ ಹುಟ್ಟಿದ. ಮೊದಮೊದಲು ಅದರ ಬಾಯಿ ಆಕಾಶ ನೋಡುತ್ತಿತ್ತು. ಮಳೆ ಹಿಡಿಯುವ ಪಾತ್ರೆ ಎಂದು ಅಲ್ಲಿಯವರು ಗೇಲಿ ಮಾಡುತ್ತಿದ್ದರಂತೆ.

ಇಂಗ್ಲಿಷರ ದಂಡಿನ ಜೊತೆ ಈ ವಾದ್ಯಗಳು ನಮ್ಮ ದೇಶಕ್ಕೆ ಬಂದವು. ದಂಡಿನಿಂದ ಅರಮನೆಗೆ, ಅರಮನೆಯಿಂದ ಮದುವೆಗೆ. ಮೈಸೂರು ಅರಮನೆಯ ಇಂಗ್ಲಿಷ್ ಬ್ಯಾಂಡು ಇಂದು ಪೊಲೀಸರ ಕೈಯಲ್ಲಿದೆ. ಮೀರತ್‌ನ ನಾದಿರ್ ಅಲಿ ಸೇನಾ ಬ್ಯಾಂಡಿನಲ್ಲಿದ್ದವರು. 1885ರಲ್ಲಿ ಅವರು ಕಟ್ಟಿದ ಕಂಪನಿಯಿಂದ ಬೆಳೆದ ಕಸುಬು ಇಂದಿಗೂ ಅಲ್ಲಿನ ಜಾಲಿ ಕೋಠಿಯ ಗಲ್ಲಿಗಳಲ್ಲಿದೆ. ಅಲ್ಲಿ ಬಡಿದು ಬಗ್ಗಿಸಿದ ಹಿತ್ತಾಳೆ ದೇಶದ ಮೂಲೆಮೂಲೆಯ ಬಾರಾತುಗಳಿಗೆ ಹೋಗಿದೆ. ಮಾಮೂ ಹೊತ್ತದ್ದೂ ಮೀರತ್‌ನದೇ.

“ಬೇಟಾ, ಇದಕ್ಕೆ ಗಾಳಿ ಬಹಳ ಬೇಕು, ಜೋರು ಬೇಡ” ಎನ್ನುತ್ತಿದ್ದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರು ಹೇಳಿದ ಈ ಮಾತು ಭೌತಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಟ್ರಂಪೆಟ್ಟಿನ ಕೊಳವೆಯನ್ನು ಬಿಚ್ಚಿ ಚಾಚಿದರೆ ನಾಲ್ಕೂವರೆ ಅಡಿ. ಇದರದು ಸುಮಾರು 18 ಅಡಿ. ಉದ್ದ ನಾಲ್ಕು ಪಟ್ಟಾದರೆ ಸ್ವರ ಎರಡು ಸ್ಥಾಯಿ ಕೆಳಗಿಳಿಯುತ್ತದೆ. ತುಟಿಯನ್ನು ಸಡಿಲ ಬಿಟ್ಟು, ಹೊಟ್ಟೆಯ ತಳದಿಂದ ನಿಧಾನವಾಗಿ ಉಸಿರು ಸುರಿಯಬೇಕು. ಬಾರಾತು ಮಸೀದಿಯ ಮುಂದೆ ಬಂದಾಗ ಬಾಜಾ ನಿಲ್ಲುವುದು ರೂಢಿ. ಆ ನಾಲ್ಕು ನಿಮಿಷವೇ ತಮಗೆ ಸಿಗುವ ವಿಶ್ರಾಂತಿ ಎಂದು ಅವರು ನಗುತ್ತಿದ್ದರು.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಎಷ್ಟೋ ಬ್ಯಾಂಡುಗಳಲ್ಲಿ ಈ ವಾದ್ಯವನ್ನು ಊದುವುದೇ ಇಲ್ಲ. ನೋಟಕ್ಕೆ ಬೇಕೆಂದು ದಿನಗೂಲಿಯವನೊಬ್ಬನ ಹೆಗಲಿಗೆ ಏರಿಸಿ ನಡೆಸುತ್ತಾರೆ. ಮಾಮೂ ಮಾತ್ರ ನಿಜವಾಗಿ ಊದುತ್ತಿದ್ದರು. ಕೂಲಿಯಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. “ನಾನು ನಿಲ್ಲಿಸಿದರೆ ಯಾರಿಗೂ ಗೊತ್ತಾಗೋದಿಲ್ಲ, ಆದರೆ ಕ್ಲಾರಿನೆಟ್‌ನವನು ಹಿಂದೆ ತಿರುಗಿ ನೋಡ್ತಾನೆ” ಎಂದು ಒಮ್ಮೆ ಹೇಳಿದ್ದರು. ಅವರ ಮಾತಿನಲ್ಲಿ ನಾನು ಹೆಮ್ಮೆ ಕಂಡದ್ದು ಆಗ ಮಾತ್ರ.

ನಮ್ಮ ಸಮುದಾಯದಲ್ಲಿ ನಿಕಾಹ್ ಸರಳವಾಗಿ ನಡೆಯಲಿ, ಬಾಜಾ ಬೇಡ ಎಂಬ ಮಾತು ಬಲಗೊಂಡಾಗ ಅದನ್ನು ಒಪ್ಪಿದವರಲ್ಲಿ ಮಾಮೂ ಮೊದಲಿಗರು. ತಮ್ಮ ಇಬ್ಬರು ಹೆಣ್ಣುಮಕ್ಕಳ ನಿಕಾಹನ್ನು ಮಸೀದಿಯಲ್ಲಿ ಖರ್ಜೂರ ಹಂಚಿ ಮುಗಿಸಿದರು. ಸಾಲ ಮಾಡಿ ಮೆರವಣಿಗೆ ತೆಗೆಯುವುದನ್ನು ನಾನೂ ಒಪ್ಪುವವನಲ್ಲ. ಆದರೆ ಬಾಜಾ ಬೇಡವೆಂದು ತೀರ್ಮಾನಿಸಿದ ಬೈಠಕಿನಲ್ಲಿ, ಬಾಜಾದವನ ಮನೆಯ ಒಲೆ ಹೇಗೆ ಉರಿಯಬೇಕು ಎಂದು ಯಾರಾದರೂ ಕೇಳಿದರೇ? ಅಂದು ತಲೆಯಾಡಿಸಿದ ಕೆಲವರ ವಲೀಮಾದಲ್ಲೇ ಆಮೇಲೆ ಡಿಜೆ ಕುಣಿಯಿತು. ಡಿಜೆಯ ಒಂದು ಪೆಟ್ಟಿಗೆ ಹೊರಡಿಸುವ ಕೆಳಸ್ವರಕ್ಕೆ ಕಿಟಕಿಯ ಗಾಜು ನಡುಗುತ್ತದೆ. ಅದಕ್ಕೆ ಉಸಿರು ಬೇಡ, ಊಟ ಬೇಡ.

ಹಿಂದೂ ಮದುವೆಗಳ ಕರೆ ಇನ್ನಷ್ಟು ವರ್ಷ ಅವರನ್ನು ಸಾಕಿತು. 2020ರಲ್ಲಿ ಕೊರೋನಾ ಬಂದು ಮದುವೆಗೆ ಐವತ್ತೇ ಜನ ಎಂದಾಗ ಬ್ಯಾಂಡಿನವರನ್ನು ಆ ಐವತ್ತರಲ್ಲಿ ಲೆಕ್ಕ ಹಿಡಿಯುವವರು ಯಾರು? ಆ ವರ್ಷದಿಂದ ಮಾಮೂ ಮತ್ತೆ ಹೆಗಲು ಕೊಡಲಿಲ್ಲ. ಬ್ಯಾಂಡಿನ ಮಾಲೀಕ ಬಾಕಿ ಕೂಲಿಯ ಬದಲು ವಾದ್ಯವನ್ನೇ ಕೊಟ್ಟುಬಿಟ್ಟ.

ಈಗ ಅದರ ಬಾಯಿ ಒಂದು ಕಡೆ, ಸುರುಳಿ ಒಂದು ಕಡೆ, ಹಳೆಯ ಚಾದರದಲ್ಲಿ ಸುತ್ತಿ ಮನೆಯ ಅಟ್ಟದ ಮೇಲಿದೆ. ಗುಜರಿಯವನು ಎರಡು ಸಲ ಬಂದು ಕಿಲೋ ಲೆಕ್ಕದಲ್ಲಿ ಕೇಳಿದ್ದಾನೆ. ಕೊಟ್ಟುಬಿಡಿ ಎಂದು ಮಗನೂ ಹೇಳುತ್ತಿದ್ದಾನೆ. ಮೂರೂ ಗುಂಡಿಗಳು ಸರಿಯಾಗಿ ಒತ್ತುತ್ತವೆ ಎನ್ನುತ್ತಾರೆ ಮಾಮೂ.