ನೀರು ನೋಡಿ ಗಾಳ

ಹಲಸೂರಿನ ಕಡೆಯಿಂದ ಹಳೆಯ ವಿಮಾನ ನಿಲ್ದಾಣದ ರಸ್ತೆಯನ್ನು ಹಿಡಿದು ಬರುವ ಪಯಣಿಗನಿಗೆ ದೊಮ್ಮಲೂರು ಮೊದಲು ಕಾಣುವುದು ಒಂದು ಮೇಲುಸೇತುವೆಯಾಗಿ. ಅದರ ಮೇಲೂ ಕೆಳಗೂ ಎಡೆಬಿಡದೆ ಸಾಗುವ ವಾಹನಗಳ ಪ್ರವಾಹವಾಗಿ. ಈ ಪ್ರವಾಹವಲ್ಲದೆ ಇಲ್ಲಿ ಇನ್ನೇನಾದರೂ ಹರಿಯುತ್ತಿದ್ದುದುಂಟೆ ಎಂದು ಕೇಳುವಷ್ಟು ವ್ಯವಧಾನ ಯಾರಿಗೂ ಇರದು. ಆದರೆ ಗದ್ದಲವನ್ನು ಹಿಂದೆ ಬಿಟ್ಟು ಊರೊಳಗಿನ ಓಣಿಗಳಲ್ಲಿ ಸ್ವಲ್ಪ ದೂರ ನಡೆದರೆ, ಎತ್ತರದ ನೆಲದ ಮೇಲೆ ಚೊಕ್ಕನಾಥಸ್ವಾಮಿಯ ಪುರಾತನ ದೇವಾಲಯ ಎದುರಾಗುತ್ತದೆ. ಅಲ್ಲಿನ ಶಾಸನಗಳು ಈ ಊರನ್ನು ತೊಂಬಲೂರು ಎಂದು ಕರೆಯುತ್ತವೆ. ಅವುಗಳಲ್ಲೊಂದು ತಮಿಳು ಶಾಸನದಲ್ಲಿ ದೇವರಿಗೆ ಬಿಟ್ಟ ಭೂಮಿಯ ಜೊತೆಗೆ ವಿಣ್ಣಮಂಗಲದ ಕೆರೆಯ ಹೆಸರೂ ಬರುತ್ತದೆ. ನೆಲವನ್ನು ದಾನ ಮಾಡುವಾಗ ನೀರನ್ನು ಮರೆಯದ ಕಾಲ ಅದು.

ದೊಮ್ಮಲೂರಿಗೂ ತನ್ನದೇ ಆದ ಕೆರೆಯೊಂದಿತ್ತು. ಇಂದು ಅದರ ಅಂಗಳದಲ್ಲಿ ಮನೆಗಳು ಎದ್ದಿವೆ. ನೆರೆಯ ಚಲ್ಲಘಟ್ಟದ ಕೆರೆ ಗಾಲ್ಫ್ ಆಟದ ಹಸುರು ಮೈದಾನವಾಯಿತು. ಉತ್ತರಕ್ಕಿರುವ ಹಲಸೂರು ಕೆರೆ ಉಳಿದಿದೆ. ಆದರೆ 2016ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ನಗರ ಮರೆತಿಲ್ಲ. ದಕ್ಷಿಣ ಪೂರ್ವಕ್ಕಿರುವ ಬೆಳ್ಳಂದೂರು ಕೆರೆಯೂ ಉಳಿದಿದೆ. ಅದರ ನೊರೆಗೆ 2015ರಲ್ಲೂ 2017ರಲ್ಲೂ ಬೆಂಕಿ ಹೊತ್ತಿಕೊಂಡ ಸುದ್ದಿ ದೇಶಾಂತರಗಳಿಗೂ ಮುಟ್ಟಿತು.

ಇಂಥ ಊರಿನಲ್ಲಿ ಗಾಳದ ಹವ್ಯಾಸ ಉಳಿದಿದೆ ಎಂದರೆ ಆಶ್ಚರ್ಯವೆನಿಸಬಹುದು. ಆದರೂ ಉಳಿದಿದೆ. ನಗರದ ಪೂರ್ವದ ಬಡಾವಣೆಗಳಲ್ಲಿ ಭಾನುವಾರ ಬೆಳಕು ಹರಿಯುವ ಮುನ್ನವೇ ಎದ್ದು, ಉದ್ದನೆಯ ಚೀಲವೊಂದನ್ನು ಹೆಗಲಿಗೇರಿಸಿ ಹಳೆಯ ಮದರಾಸು ರಸ್ತೆಯ ಕಡೆಗೆ ಹೊರಡುವವರುಂಟು. ಅವರ ಚೀಲದಲ್ಲಿರುವ ಸಲಕರಣೆ ಬಹುಮಟ್ಟಿಗೆ ಈ ನಾಡಿನ ಮೀನಿಗಾಗಿ ಹುಟ್ಟಿದ್ದಲ್ಲ. ಅದು ಅಮೆರಿಕದ ‘ಬ್ಯಾಸ್’ ಎಂಬ ಮೀನಿಗಾಗಿ ರೂಪುಗೊಂಡದ್ದು.

ಬ್ಯಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಜೊಂಡಿನ ಮರೆಯಲ್ಲೋ ಮುಳುಗಿದ ಮರದ ನೆರಳಿನಲ್ಲೋ ಹೊಂಚಿ ಕುಳಿತು, ಹತ್ತಿರ ಸುಳಿದ ಕಪ್ಪೆಯನ್ನೋ ಮರಿಮೀನನ್ನೋ ಒಮ್ಮೆಗೇ ನುಂಗುವುದು ಅದರ ಸ್ವಭಾವ. ಈ ಒಂದು ಮೀನಿನ ಬೆನ್ನು ಹತ್ತಿ ಆ ದೇಶದವರು ಮಾಡಿದ ಉಪಾಯಗಳಿಗೆ ಲೆಕ್ಕವಿಲ್ಲ. 1852ರಲ್ಲಿ ಜೂಲಿಯೋ ಬ್ಯೂಯೆಲ್ ಎಂಬಾತ ಚಮಚೆಯಾಕಾರದ ಲೋಹದ ಹುಸಿ ಎರೆಗೆ ಹಕ್ಕುಪತ್ರ ಪಡೆದ. 1949ರಲ್ಲಿ ನಿಕ್ ಕ್ರೀಮ್ ಎಂಬಾತ ಮೆತ್ತನೆಯ ಪ್ಲಾಸ್ಟಿಕ್ಕಿನ ಎರೆಹುಳುವನ್ನು ಮಾರಾಟಕ್ಕೆ ತಂದ. 1925ರಲ್ಲಿ ಬ್ಯಾಸ್ ಮೀನನ್ನು ಜಪಾನಿನ ಆಶಿ ಸರೋವರಕ್ಕೆ ಒಯ್ದು ಬಿಟ್ಟರು. 1932ರಲ್ಲಿ ಜಾರ್ಜಿಯಾದಲ್ಲಿ ಸ್ಥಾಪಿತವಾದ ಸುಮಾರು ಹತ್ತು ಕಿಲೋ ತೂಕದ ದಾಖಲೆಯನ್ನು 2009ರಲ್ಲಿ ಸರಿಗಟ್ಟಿದ ಮೀನು ಸಿಕ್ಕಿದ್ದೂ ಜಪಾನಿನ ಬಿವಾ ಸರೋವರದಲ್ಲಿಯೇ.

ಬೆಂಗಳೂರಿನ ಸುತ್ತಣ ಕೆರೆಗಳಲ್ಲಿ ಬ್ಯಾಸ್ ಇಲ್ಲ. ಆದರೆ ಅದರ ವೃತ್ತಿಯನ್ನೇ ನಡೆಸುವ ಇನ್ನೊಂದು ಮೀನುಂಟು. ಅದೇ ಕೊರಮೀನು. ತಮಿಳು ಮಾತನಾಡುವವರು ಇದನ್ನು ವಿರಾಲ್ ಎನ್ನುತ್ತಾರೆ. ಮಾರುಕಟ್ಟೆಯಲ್ಲಿ ಮುರೆಲ್ ಎಂಬ ಹೆಸರೂ ನಡೆಯುತ್ತದೆ. ಚಪ್ಪಟೆಯಾದ ತಲೆ, ಉರುಟಾದ ನೀಳ ಮೈ ಕಂಡು ಇಂಗ್ಲಿಷರು ಇದಕ್ಕೆ ಹಾವಿನ ತಲೆಯ ಮೀನೆಂದು ಹೆಸರಿಟ್ಟರು. ಇದೂ ಹೊಂಚುಗಾರ, ಇದಕ್ಕೂ ಕಪ್ಪೆಯೆಂದರೆ ಪ್ರಾಣ. ಆದುದರಿಂದಲೇ ಬ್ಯಾಸ್ ಮೀನಿನ ಗಾಳ ಕೊರಮೀನಿಗೂ ಸಲ್ಲುತ್ತದೆ.

ಆದರೆ ಪೂರ್ತಿಯಾಗಿ ಸಲ್ಲುವುದಿಲ್ಲ ಎಂಬುದನ್ನು ಹೊಸ ಹವ್ಯಾಸಿ ಮೊದಲ ದಿನವೇ ಕಲಿಯುತ್ತಾನೆ. ಹಾಸಿಗೆ ನೋಡಿ ಕಾಲು ಚಾಚು ಎಂದು ಹಿರಿಯರು ಹೇಳಿದರು. ನೀರು ನೋಡಿ ಗಾಳ ಹಾಕು ಎಂಬುದು ಅದೇ ವಿವೇಕದ ಇನ್ನೊಂದು ಮುಖ.

ಈ ವಿವೇಕ ಹೊರಗಿನಿಂದ ಬಂದುದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ಆಹಾರ ರುಚಿಸುತ್ತದೆ, ಗಾಳ ಹೇಗಿರಬೇಕು ಎಂಬುದನ್ನು ಕನ್ನಡ ನಾಡಿನ ಅರಸನೊಬ್ಬ ರಾಜವಿನೋದಗಳ ಸಾಲಿನಲ್ಲಿ ಸೇರಿಸಿದ. ಮೀನುಗಳ ವಿಜ್ಞಾನಿ ಸುಂದರ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿವರವಾಗಿ ಪರಿಶೀಲಿಸಿ ವಿದ್ವಾಂಸರ ಗಮನಕ್ಕೆ ತಂದರು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳದ ವಿದ್ಯೆಯ ಬಗೆಗೆ ಪ್ರಸಿದ್ಧ ಗ್ರಂಥವೊಂದನ್ನು ಹೊರತಂದ. 1887ರಲ್ಲಿ ಅವನು ಬರೆದ ಇನ್ನೊಂದು ಪುಸ್ತಕವಂತೂ ಕೇವಲ ಕೆರೆಗಳ ಗಾಳಕ್ಕೇ ಮೀಸಲು. ಹೊಳೆಯ ಗಾಳ ಬೇರೆ, ಕೆರೆಯ ಗಾಳ ಬೇರೆ ಎಂಬುದು ಅವನಿಗೆ ಅಂದೇ ಮನವರಿಕೆಯಾಗಿತ್ತು.

ಹಾಗಾದರೆ ಕೆರೆಗೆ ಹೊರಟವನು ಏನನ್ನು ಆರಿಸಬೇಕು? ಅಂಗಡಿಯಲ್ಲಿ ಕಣ್ಣು ಕೋರೈಸುವ ಬಣ್ಣಗಳ ನಡುವೆ ನಿಂತವನಿಗೆ ಈ ಪ್ರಶ್ನೆ ಸುಲಭದ್ದಲ್ಲ. ಮೊದಲು ಕೋಲು. ಆರೂವರೆಯಿಂದ ಏಳು ಅಡಿ ಉದ್ದದ, ತುದಿಯಲ್ಲಿ ಸ್ವಲ್ಪ ಬಾಗಿ ಬುಡದಲ್ಲಿ ಗಟ್ಟಿಯಾಗಿ ನಿಲ್ಲುವ ಕೋಲು ಕೊರಮೀನಿಗೆ ತಕ್ಕುದು. ತೀರ ಬಳುಕುವ ಕೋಲು ಮೀನನ್ನು ಜೊಂಡಿನಿಂದ ಎಳೆದು ತರಲಾರದು. ತೀರ ಬಿರುಸಾದುದು ಹಗುರವಾದ ಎರೆಯನ್ನು ದೂರ ಎಸೆಯಲಾರದು. ಎರಡನೆಯದು ರೀಲು. ಎಸೆಯುವಾಗ ಸುರುಳಿಯೇ ತಿರುಗುವ ಬಗೆ ಒಂದು, ಸುರುಳಿ ನಿಂತಲ್ಲೇ ನಿಂತು ದಾರ ಮಾತ್ರ ಬಿಚ್ಚಿಕೊಳ್ಳುವ ಬಗೆ ಇನ್ನೊಂದು. ಮೊದಲನೆಯದಕ್ಕೆ ಬಲ ಹೆಚ್ಚು. ಆದರೆ ಹೆಬ್ಬೆರಳಿನ ಹದ ತಪ್ಪಿದರೆ ದಾರ ಗೋಜಲಾಗಿ, ಅರ್ಧ ಬೆಳಗು ಅದನ್ನು ಬಿಡಿಸುವುದರಲ್ಲೇ ಕಳೆದುಹೋಗುತ್ತದೆ. ಹೊಸಬನಿಗೆ ಎರಡನೆಯದೇ ಸೌಖ್ಯ.

ಮೂರನೆಯದು ದಾರ. ತೆರೆದ ನೀರಿನಲ್ಲಿ ಸಾಮಾನ್ಯ ನೈಲಾನ್ ದಾರ ಸಾಕು. ಆದರೆ ಅಂತರಗಂಗೆಯೂ ತಾವರೆಯೂ ಹಬ್ಬಿದ ಕೆರೆಯಲ್ಲಿ ಅದು ಹಿಗ್ಗಿ ಮೋಸ ಮಾಡುತ್ತದೆ. ಅಲ್ಲಿ ಹಿಗ್ಗದ ಹೆಣಿಗೆಯ ದಾರ ಬೇಕು. ಅದು ಎಲೆಯ ದಂಟುಗಳನ್ನು ಕೊಯ್ದುಕೊಂಡು ಬರುತ್ತದೆ. ಬ್ಯಾಸ್ ಮೀನಿನ ಬಾಯಿ ಮರಳುಕಾಗದದಂತೆ ಒರಟು, ಅಷ್ಟೆ. ಕೊರಮೀನಿನ ಬಾಯಿಯಲ್ಲಾದರೋ ಚೂಪಾದ ಹಲ್ಲುಗಳುಂಟು. ಆದುದರಿಂದ ಗಾಳದ ಹತ್ತಿರದ ಗೇಣುದ್ದಕ್ಕೆ ದಪ್ಪನೆಯ ದಾರವನ್ನು ಸೇರಿಸುವುದು ಇಲ್ಲಿನ ಹವ್ಯಾಸಿಗಳು ಕಂಡುಕೊಂಡ ಮಾರ್ಪಾಟು.

ಕಡೆಯದು ಎರೆ. ಕೊರಮೀನಿಗೆ ಬಹಳ ಮೆಚ್ಚಿಗೆಯಾದುದು ಒಳಗೆ ಪೊಳ್ಳಾದ ರಬ್ಬರಿನ ಕಪ್ಪೆ. ಇದರ ಎರಡು ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುವುದರಿಂದ ಎಲೆಗಳ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಮಾತ್ರ ಕಪ್ಪೆ ಕುಗ್ಗಿ ಕೊಕ್ಕೆಗಳು ಹೊರಬರುತ್ತವೆ. ನೀರು ಸಿಡಿದ ಕೂಡಲೇ ಕೋಲನ್ನು ಜಗ್ಗುವವನಿಗೆ ಬರಿಯ ಕಪ್ಪೆಯೇ ಹಿಂದಿರುಗಿ ಬರುತ್ತದೆ. ಒಂದು, ಎರಡು ಎಂದು ಮನಸ್ಸಿನಲ್ಲಿ ಎಣಿಸಿ, ದಾರ ಭಾರವಾದುದನ್ನು ಕೈಯಲ್ಲಿ ಅರಿತು ಆಮೇಲೆ ಎಳೆಯಬೇಕು. ಆ ಎರಡು ಎಣಿಕೆಯ ಸಂಯಮವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಸಲಕರಣೆ ಸಿದ್ಧವಾದ ಮೇಲೂ ಪಾಠ ಮುಗಿಯದು. ಅಮೆರಿಕದ ಹವ್ಯಾಸಿ ನೀರಿನ ಶೀತೋಷ್ಣವನ್ನು ನೋಡಿ ತನ್ನ ಕ್ರಮವನ್ನು ಬದಲಿಸುತ್ತಾನೆ. ಅಲ್ಲಿ ಚಳಿಗಾಲದಲ್ಲಿ ಸರೋವರಗಳೇ ಹೆಪ್ಪುಗಟ್ಟುವುದುಂಟು. ಬೆಂಗಳೂರಿನ ಸೀಮೆಯಲ್ಲಿ ನೋಡಬೇಕಾದುದು ನೀರಿನ ಮಟ್ಟವನ್ನು. ಮಳೆಗಾಲ ಮುಗಿದು ಕೋಡಿ ಬಿದ್ದ ಕೆರೆಯಲ್ಲಿ ಮೀನು ಹರಡಿಹೋಗಿರುತ್ತದೆ. ಮುಳುಗಿದ ಹುಲ್ಲಿನ ಅಂಚುಗಳನ್ನು ಹುಡುಕಿ ಎಸೆಯಬೇಕು. ಬೇಸಗೆಯಲ್ಲಿ ನೀರು ತೂಬಿನ ಕಡೆಗೆ ಸರಿದು ಕದಡಿದಾಗ ಕಣ್ಣಿಗಿಂತ ಕಿವಿಗೆ ಕೇಳುವ ಎರೆ ಮೇಲು: ಗಿರಗಿರನೆ ತಿರುಗಿ ನೀರನ್ನು ಅದುರಿಸುವ ಲೋಹದ ರೆಕ್ಕೆಯದು. ನಸುಕಿನಲ್ಲೂ ಮುಸ್ಸಂಜೆಯಲ್ಲೂ ನೀರಿನ ಮೇಲೆ ಕಪ್ಪೆಯನ್ನು ಕುಣಿಸಬಹುದು. ಬಿಸಿಲೇರಿದ ಮೇಲೆ ಮೆತ್ತನೆಯ ಹುಳುವನ್ನು ನೆರಳಿನ ಅಡಿಗೆ ನಿಧಾನವಾಗಿ ಇಳಿಸಬೇಕು.

ಕೊರಮೀನು ಗಾಳದವನಿಗೆ ಕೊಡುವ ಒಂದು ಸುಳಿವು ಬ್ಯಾಸ್ ಕೊಡುವುದಿಲ್ಲ. ಕಿವಿರುಗಳೊಂದೇ ಅದಕ್ಕೆ ಸಾಲವು. ತಲೆಯೊಳಗಿನ ವಿಶೇಷ ಅಂಗದಿಂದ ಅದು ಗಾಳಿಯನ್ನೇ ಉಸಿರಾಡುತ್ತದೆ. ಅದಕ್ಕಾಗಿ ಆಗಾಗ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ನುಂಗಿ ಮರಳುತ್ತದೆ. ಆಗ ನೀರಿನ ಮೇಲೆ ಏಳುವ ಸಣ್ಣ ಬಳೆಯನ್ನು ಬಲ್ಲವನು ಗುರುತಿಸುತ್ತಾನೆ. ಬಳೆಯ ನಡುವಿಗೇ ಎಸೆದರೆ ಮೀನು ಬೆದರುತ್ತದೆ. ಅದರಾಚೆಗೆ ಎಸೆದು, ಕಪ್ಪೆ ತಾನೇ ದಾರಿತಪ್ಪಿ ಬಂದಂತೆ ಎಳೆದು ತರಬೇಕು. ಈ ಗಾಳಿಯ ಗುಟುಕೇ ಕೊರಮೀನಿನ ಆಯುಷ್ಯದ ಗುಟ್ಟು. ಉಸಿರುಗಟ್ಟಿ ಬೇರೆ ಮೀನುಗಳು ಸಾಯುವ ನೀರಿನಲ್ಲೂ ಅದು ಬದುಕಿಕೊಳ್ಳುತ್ತದೆ. ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ ಮಳೆಗಾಗಿ ಕಾಯುತ್ತದೆ.

ಆದರೆ ಮನೆಗಳ ಅಡಿಪಾಯದ ಕೆಳಗೆ ಕಾದು ಫಲವಿಲ್ಲ. ಅದಕ್ಕೇ ದೊಮ್ಮಲೂರಿನ ಹವ್ಯಾಸಿ ಪೂರ್ವಕ್ಕೆ ಪಯಣ ಬೆಳೆಸಬೇಕಾಯಿತು. ಇಂದಿರಾನಗರವನ್ನು ದಾಟಿ, ಕೃಷ್ಣರಾಜಪುರದ ಆಚೆ ಹಳೆಯ ಮದರಾಸು ರಸ್ತೆಯ ಪಕ್ಕದಲ್ಲೇ ಯಲೆಮಲ್ಲಪ್ಪ ಶೆಟ್ಟಿ ಕೆರೆ ಕಾಣಿಸುತ್ತದೆ. ವೀಳ್ಯದೆಲೆಯ ವ್ಯಾಪಾರಿಯೊಬ್ಬ ಕಟ್ಟಿಸಿದನೆಂದು ಪ್ರತೀತಿ. ಮುಂದೆ ಹೊಸಕೋಟೆಯ ದೊಡ್ಡ ಕೆರೆ, ಅದರಾಚೆ ನರಸಾಪುರ, ಕೋಲಾರ. ಆ ಸೀಮೆಯ ಕೆರೆಗಳು ಎಷ್ಟೋ ವರ್ಷ ಒಣಗಿ ಬಿರುಕು ಬಿಟ್ಟಿದ್ದವು. ಈಗ ಅಲ್ಲಿ ನೀರು ನಿಂತ ಕಥೆ ವಿಚಿತ್ರವಾದುದು. ದೊಮ್ಮಲೂರು ಸೇರಿದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಶುದ್ಧೀಕರಿಸಿ, ಕೊಳವೆಗಳ ಮೂಲಕ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ 2018ರ ಜೂನ್ ತಿಂಗಳಲ್ಲಿ ಹರಿಸಲಾಯಿತು. ಅಲ್ಲಿಂದ ಅದು ಕೋಡಿಯಿಂದ ಕೋಡಿಗೆ ಇಳಿದು ಅನೇಕ ಕೆರೆಗಳನ್ನು ತುಂಬಿಸಿದೆ. ಶುದ್ಧೀಕರಣ ಎರಡು ಹಂತಗಳಿಗೇ ನಿಂತಿತೆಂಬ ಆಕ್ಷೇಪ ನ್ಯಾಯಾಲಯದವರೆಗೂ ಹೋಯಿತು. ಅಂತರ್ಜಲ ಏರಿತೆಂದು ಸಂತೋಷಪಟ್ಟ ರೈತರೂ ಉಂಟು, ನೀರಿನ ಗುಣದ ಬಗೆಗೆ ಕಳವಳಪಟ್ಟವರೂ ಉಂಟು. ಏನೇ ಆಗಲಿ, ಊರಿನಲ್ಲಿ ನೆಲೆ ತಪ್ಪಿದ ನೀರು ಐವತ್ತು ಕಿಲೋಮೀಟರು ಪಯಣ ಮಾಡಿ ಬೇರೊಂದು ಏರಿಯ ಹಿಂದೆ ವಿಶ್ರಮಿಸಿದೆ. ಅದರ ಹಿಂದೆ ಗಾಳದವನೂ ಹೋಗುತ್ತಾನೆ.

ಹೋದವನು ಮೊದಲು ಮಾಡಬೇಕಾದುದು ಊರವರನ್ನು ವಿಚಾರಿಸುವುದು. ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಮರಿ ಬಿಟ್ಟು ಬೆಳೆಸಿ ಅದರಿಂದಲೇ ಜೀವಿಸುವವರಿರುತ್ತಾರೆ. ಅವರ ಅನುಮತಿಯಿಲ್ಲದೆ ಎಸೆದ ಗಾಳ ವಿನೋದವಲ್ಲ, ಕಳವು. ನಗರದ ಕೊಳೆ ಸೇರುವ ಕೆರೆಯ ಮೀನನ್ನು ಅಡಿಗೆಮನೆಗೆ ಒಯ್ಯದಿರುವುದೂ ಲೇಸು. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಕೊಂಡು, ಒದ್ದೆ ಕೈಯಿಂದ ಮೀನನ್ನು ಹಿಡಿದು ಮರಳಿ ಬಿಡುವವರ ಸಂಖ್ಯೆ ಈಚೆಗೆ ಬೆಳೆಯುತ್ತಿರುವುದು ಸಮಾಧಾನದ ಸಂಗತಿ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಮಳೆಗಾಲದಲ್ಲಿ ಬರುತ್ತದೆ. ಆಗ ಕೊರಮೀನು ಜೋಡಿಗೂಡಿ, ಗಿಡಗಳ ನಡುವೆ ನೀರನ್ನು ತೆರವು ಮಾಡಿ ತೇಲುವ ಮೊಟ್ಟೆಗಳನ್ನಿಡುತ್ತದೆ. ಮರಿಗಳು ಹೊರಬಂದ ಮೇಲೆ ಕೆಂಪು ಕುಂಕುಮ ಚೆಲ್ಲಿದಂತೆ ಗುಂಪಾಗಿ ನೀರಿನ ಮೇಲೆ ಮಿಸುಕುತ್ತ ಸಾಗುತ್ತವೆ. ಅವೂ ಗಾಳಿಗಾಗಿ ಮೇಲೆ ಬರಬೇಕಲ್ಲ! ಆ ಕೆಂಪಿನ ಕೆಳಗೆ, ಕಾಣದಷ್ಟು ಆಳದಲ್ಲಿ, ಹೆತ್ತ ಮೀನುಗಳು ಕಾವಲಿರುತ್ತವೆ. ಆ ಹೊತ್ತಿನಲ್ಲಿ ಅವಕ್ಕೆ ಹಸಿವಿನ ಪರಿವೆಯಿಲ್ಲ. ಮರಿಗಳ ಹತ್ತಿರ ಏನು ಸುಳಿದರೂ ಮೇಲೆ ಬೀಳುತ್ತವೆ. ಕೋಲು ಎಂಥದಾದರೂ ಸರಿ, ದಾರ ಎಂಥದಾದರೂ ಸರಿ, ಎಸೆತ ತಪ್ಪಿದರೂ ಸರಿ, ಮೀನು ಸಿಕ್ಕೇ ಸಿಗುತ್ತದೆ. ಕಾವಲು ತಪ್ಪಿದ ಮರುಗಳಿಗೆಯೇ ಬೇರೆ ಮೀನುಗಳು ಮರಿಗಳನ್ನು ತಿಂದು ತೇಗುತ್ತವೆ. ಬ್ಯಾಸ್ ಕೂಡ ಗೂಡು ಕಾಯುವ ಮೀನೇ. ಅಮೆರಿಕದ ಕೆಲವು ಕಡೆಗಳಲ್ಲಿ ಆ ಕಾಲದಲ್ಲಿ ಅದನ್ನು ಹಿಡಿದೊಯ್ಯಬಾರದೆಂಬ ನಿಯಮವುಂಟು. ಭಾರತದಲ್ಲಿ 1897ರ ಮೀನುಗಾರಿಕೆ ಕಾಯಿದೆ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. ಆದರೆ ಏರಿಯ ಮೇಲೆ ಒಂಟಿಯಾಗಿ ನಿಂತವನ ಮುಂದೆ ಆ ಕೆಂಪು ಗುಂಪು ತೇಲಿ ಬಂದಾಗ ಕಾಯಿದೆಯ ಪುಸ್ತಕ ಯಾರ ಕೈಯಲ್ಲೂ ಇರುವುದಿಲ್ಲ.

ಅಂಥ ಬೆಳಗಿನಲ್ಲಿ ಅನುಭವಸ್ಥನು ಕಪ್ಪೆಯನ್ನು ಬಿಚ್ಚಿ ಡಬ್ಬಿಗೆ ಹಾಕುತ್ತಾನೆ, ದಾರ ಸುತ್ತುತ್ತಾನೆ, ಕೆರೆಯ ಬೇರೊಂದು ಮೂಲೆಗೆ ನಡೆಯುತ್ತಾನೆ. ಇಲ್ಲವೆ ಏರಿಯ ಮೇಲೆ ಸುಮ್ಮನೆ ಕುಳಿತು, ಮರಿಗಳ ಹಿಂಡು ಜೊಂಡಿನ ಮರೆಯನ್ನು ಸೇರುವವರೆಗೂ ನೋಡುತ್ತಾನೆ. ಊರಿನ ಕೆರೆಯನ್ನು ಕಳೆದುಕೊಂಡವನಿಗೆ ಇನ್ನೊಂದು ಊರಿನ ಕೆರೆಯಲ್ಲಿ ಮರಿಮೀನು ಬೆಳೆಯುವುದನ್ನು ಕಾಣುವ ಭಾಗ್ಯ ಸಣ್ಣದೇನಲ್ಲ. ಮುಂದಿನ ವರ್ಷದ ಮೀನು ಆ ಹಿಂಡಿನಲ್ಲಿದೆ.