ಗುಂಡುಕಲ್ಲು ಬಿದ್ದ ತೊಟ್ಟಿಲು

ಚೊಚ್ಚಲ ಬಾಣಂತನಕ್ಕೆ ಅಕ್ಕ ಹಾಗಲವಾಡಿಗೆ ಬರುತ್ತಾಳೆ ಎಂದು ಗೊತ್ತಾದ ದಿನವೇ ನಾವು ಅಣ್ಣತಮ್ಮಂದಿರು ತೀರ್ಮಾನಿಸಿಬಿಟ್ಟೆವು, ತೊಟ್ಟಿಲು ಅಂಗಡಿಯಿಂದ ಬೇಡ, ನಾವೇ ಮಾಡೋಣ. ಅದೂ ಸಾದಾ ತೊಟ್ಟಿಲಲ್ಲ, ಸುತ್ತಲೂ ಲೇತಿನಲ್ಲಿ ಕಡೆದ 28 ಕಂಬಿಗಳದ್ದು. ಅಲ್ಲಿಯವರೆಗೆ ನಾವು ಒಂದು ಬುಗುರಿಯನ್ನೂ ಕಡೆದವರಲ್ಲ.

ಸುಟ್ಟು ಮೂಲೆ ಸೇರಿದ್ದ ಅರ್ಧ ಎಚ್‌ಪಿ ಪಂಪಿನ ಮೋಟರನ್ನು ಗುಬ್ಬಿಯಲ್ಲಿ ರಿವೈಂಡ್ ಮಾಡಿಸಿ, ಹಲಗೆಗೆ ಬಿಗಿದು ಲೇತ್ ಮಾಡಿಕೊಂಡೆವು. ಸವೆದ ಅರವನ್ನು ಸಾಣೆ ಹಿಡಿದು ಉಳಿ ಮಾಡಿದೆವು. (ನೀವು ಮಾಡಬೇಡಿ. ಅರ ಗಾಜಿನಂತೆ ಮುರಿಯುತ್ತದೆ. ಅಣ್ಣನ ಹುಬ್ಬಿನ ಮೇಲೆ ಗುರುತು ಇನ್ನೂ ಇದೆ.) ಮರ ಮಾತ್ರ ಪುಕ್ಕಟೆ, ಮುಂಗಾರಿನ ಗಾಳಿಗೆ ಬಿದ್ದ ತೋಟದ ಹಲಸಿನ ಕೊಂಬೆ. ಹಸಿ ಹಲಸಿಗೆ ಉಳಿ ಇಟ್ಟರೆ ಸಾಕು, ಹಳದಿ ಸುರುಳಿ ಮುಖಕ್ಕೇ ಹಾರುತ್ತಿತ್ತು. ಊರಿನ ಆಚಾರ್ರು ಬಂದು ನೋಡಿ, "ಒಂದ್ ವರ್ಷ ಅಟ್ಟದ ಮೇಲಿಡ್ರಪ್ಪ" ಅಂದರು. ಅಕ್ಕನಿಗೆ ಆಗಲೇ ಏಳು ತಿಂಗಳು. ಅವರದು ಹೊಟ್ಟೆಕಿಚ್ಚು ಅಂದುಕೊಂಡೆವು.

ನಾಮಕರಣದ ದಿನ ಶಾಸ್ತ್ರದಂತೆ ಮಗುವಿಗಿಂತ ಮೊದಲು ಗುಂಡುಕಲ್ಲಿಗೆ ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸಿದರು. ಹೆಂಗಸರು ಹಾಡುತ್ತ ಮೂರು ಸಲ ತೂಗಿದರೋ ಇಲ್ಲವೋ, ಒಂದು ಬದಿಯ ಕಂಬಿಗಳು ತೂತಿನಿಂದ ಒಂದೊಂದಾಗಿ ಕಳಚಿಕೊಂಡವು. ಕಲ್ಲು ಧೊಪ್ಪನೆ ನೆಲಕ್ಕೆ ಬಿತ್ತು. ಹಾಡು ನಿಂತಿತು. ಮಗು ಇನ್ನೂ ಅಕ್ಕನ ಮಡಿಲಲ್ಲೇ ಇತ್ತು. ಬೀಗರು ಏನಾದರೂ ಬೈದಿದ್ದರೆ ಚೆನ್ನಾಗಿತ್ತು, ಯಾರೂ ಮಾತಾಡಲಿಲ್ಲ. ಅಜ್ಜಿ ಎದ್ದು ತನ್ನ ಹಳೇ ಸೀರೆಯನ್ನು ತೊಲೆಗೆ ಕಟ್ಟಿ, "ಜೋಲೀಲಿ ಮಲಗಿಸ್ರವ್ವ" ಅಂದಳು.

ಕಾರಣ ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ, ಸುದ್ದಿಗೆಂದು ಕುಣಿಗಲ್ ದಾಟಿ ಚನ್ನಪಟ್ಟಣಕ್ಕೆ ಹೋದಾಗ. ಅಣ್ಣನೂ ಬೈಕ್ ಹತ್ತಿದ್ದ. ತಿರುಗುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಅಣ್ಣ ಅದನ್ನು ನೋಡಲೇ ಇಲ್ಲ. ಅವನ ಕಣ್ಣೆಲ್ಲ ಅಂಗಳದಲ್ಲಿ ಒಣಗಲು ಪೇರಿಸಿದ್ದ ಹಾಲೆಮರದ ತುಂಡುಗಳ ಮೇಲೆ. ತಿಂಗಳುಗಟ್ಟಲೆ ಒಣಗದೆ ಅವು ಲೇತ್ ಹತ್ತುವುದಿಲ್ಲವಂತೆ. ಮರ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರಗಳ ಗುಂಟ ಕುಗ್ಗುವುದು ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಅದರ ಸುಮಾರು ಅರ್ಧ. ನಾವು ದುಂಡಗೆ ಕಡೆದ ಹಸಿ ಕಂಬಿಗಳು ತೂತಿನೊಳಗೇ ಸಣ್ಣಗಾಗಿ, ಮೊಟ್ಟೆಯಾಕಾರಕ್ಕೆ ತಿರುಗಿದ್ದವು.

ಉಳಿದ ಹಲಸಿನ ತುಂಡುಗಳು ಅಟ್ಟದ ಮೇಲೇ ಇದ್ದವು. ಮೊನ್ನೆ ಒಂದನ್ನು ಇಳಿಸಿ ಅಕ್ಕನಿಗೆ ಲಟ್ಟಣಿಗೆ ಕಡೆದುಕೊಟ್ಟೆವು. ಅದನ್ನು ಆಚೀಚೆ ತಿರುಗಿಸಿ ನೋಡಿ ಕೇಳಿದಳು, "ಏನ್ರೋ, ಇದು ಕಳಚ್ಕೊಳಲ್ಲ ತಾನೆ?"